ನಾನು ಬರೆಸಿದ ಚಹರೆ

ಚಿನ್ನು, ಪುಟ್ಟ, ಇದನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ನೀವು ಅಟ್ಟೂರಿನಿಂದ ಬಂದಾಗ ಚಿನ್ನು ತನ್ನ ಹೊಸ ಓದಿನ ವಿಷಯ ಹೇಳಿದಳು. ಅಪರಾಧ ಮಾಡುವವರ ಮನಸ್ಸಿನ ಪಾಠವಂತೆ. ಆಸಾಮಿಯನ್ನು ಕಣ್ಣಲ್ಲಿ ನೋಡದೆಯೇ ಅವನು ಎಂಥವನು, ಎಷ್ಟು ವಯಸ್ಸು, ಎಲ್ಲಿಯವನು ಅಂತ ಪೊಲೀಸರು ಹೇಳಿಬಿಡುತ್ತಾರಂತೆ. ಪ್ರೊಫೈಲಿಂಗ್ ಅನ್ನುತ್ತಾರಂತೆ. "ಬಿಡಜ್ಜಿ, ನಿಂಗದೆಲ್ಲ ಗೊತ್ತಾಗಲ್ಲ" ಅಂತ ನಕ್ಕಳು. ನಾನು ಹುರುಳಿಕಾಯಿ ನಾರು ಬಿಡಿಸುತ್ತಾ ಕೂತಿದ್ದೆ. ನನಗೆ ಅದು ಗೊತ್ತು ಕಣಮ್ಮ. ನಿನಗೆ ಕಾಲೇಜಿನಲ್ಲಿ ಹೇಳಿಕೊಡುವುದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತು. ನಿಮ್ಮಪ್ಪನಿಗೂ ನಾನು ಇದನ್ನು ಪೂರ್ತಿ ಹೇಳಿಲ್ಲ. ಬಾಯಿಬಿಟ್ಟು ಹೇಳಲು ಹೋದರೆ ನನಗೆ ಗಂಟಲಲ್ಲೇ ನಿಂತುಹೋಗುತ್ತದೆ, ಅದು ಚಿಕ್ಕಂದಿನಿಂದಲೂ ಹಾಗೇ. ಬರೆದರೆ ಬರುತ್ತದೆ.

ಪಕ್ಕದ ಮನೆಯ ಅಕ್ಕ ನಿಮಗೆ ನೆನಪಿರಬೇಕು. ಚಿನ್ನೂಗೆ ಎರಡು ಜಡೆ ಹಾಕುತ್ತಿದ್ದವಳು. ಅವಳು ಒಂಬತ್ತು ತಿಂಗಳ ಕೂಸಾಗಿದ್ದಾಗ ಅವರಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ವ್ಯಾನು ಹತ್ತುವ ಮುಂಚೆ ಕಾಂಪೌಂಡಿನ ಮೇಲಿಂದ ಮಗುವನ್ನು ನನ್ನ ಕೈಗೆ ದಾಟಿಸುತ್ತಿದ್ದಳು. "ದೊಡ್ಡಮ್ಮ, ತಗೊಳಿ ನಿಮ್ಮ ಸಾಮಾನು" ಅನ್ನುತ್ತಿದ್ದಳು. ಹಾಗೆ ದಾಟಿ ಬಂದ ಮಗು ನನ್ನ ಮನೆಯಲ್ಲೇ ನಡೆಯಲು ಕಲಿಯಿತು, ನನ್ನ ಕೈಯಲ್ಲೇ ಉಂಡಿತು. ನನಗೆ ಹೆಣ್ಣುಮಕ್ಕಳಿಲ್ಲ. ಆ ಕೊರತೆ ಅವಳಿಂದ ಕಾಣದಂತಾಗಿತ್ತು.

ಅವಳಿಗೆ ಯಶವಂತಪುರದ ಕಡೆಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಒಪ್ಪಿಗೆ ಶಾಸ್ತ್ರದ ದಿನ ನಾನು ಅವರ ಹಿತ್ತಲಲ್ಲಿ ಕಾಯಿ ತುರಿಯುತ್ತಾ ಕೂತಿದ್ದೆ. ಗಂಡ ಇಲ್ಲದವಳು ಅಂಥ ಹೊತ್ತಿನಲ್ಲಿ ಮುಂದೆ ಬರಬಾರದೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹಾಗೆ ಕೂತಿದ್ದೆ. ಹುಡುಗಿ ಹಿತ್ತಲಿಗೇ ಬಂದು, ರೇಷ್ಮೆ ಸೀರೆಯಲ್ಲೇ ಬಗ್ಗಿ ನನ್ನ ಕಾಲಿಗೆ ಬಿದ್ದಳು. "ಏಯ್, ಸೀರೆಗೆ ಕಾಯಿಹಾಲು ಮೆತ್ಕೊಳ್ತದೆ, ಏಳೇ" ಅಂದೆ. ಅವಳಿಗೆ ಸರಿಯಾಗಿ ಆಶೀರ್ವಾದವನ್ನೂ ಮಾಡಲಿಲ್ಲ.

ಆಮೇಲೆ ಹುಡುಗನ ಮನೆಗೆ ಒಂದು ಮೂಗರ್ಜಿ ಬಂತು. ಹೆಸರಿಲ್ಲದ ಕಾಗದ. ಹುಡುಗಿಯ ನಡತೆ ಸರಿಯಿಲ್ಲ ಅಂತ. ಹದಿನೈದು ದಿನ ಬಿಟ್ಟು ಇನ್ನೊಂದು. ಎಂಟನೇ ಕ್ಲಾಸಿನಲ್ಲಿ ಮೂರು ತಿಂಗಳು ಸ್ಕೂಲಿಗೆ ಹೋಗದೆ ಮನೆಯಲ್ಲಿ ಯಾಕಿದ್ದಳು ಕೇಳಿ ಅಂತ ಅದರಲ್ಲಿತ್ತು. ಆ ಮೂರು ತಿಂಗಳು ಅವಳಿಗೆ ಕಾಮಾಲೆ. ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದವಳು ನಾನು. ಹುಡುಗಿಯ ಮನೆಯವರು ಸ್ಟೇಷನ್ನಿಗೆ ಹೋದರೆ, ಮೂಗರ್ಜಿಗೆಲ್ಲ ಏನು ಮಾಡೋಕಾಗತ್ತೆ, ಹರಿದು ಬಿಸಾಕಿ ಅಂದರಂತೆ. ಮೂರನೆಯದು ಹುಡುಗಿಯ ಮನೆಗೇ ಬಂತು. ಈ ಮದುವೆ ನಡೆದರೆ ಮುಹೂರ್ತದ ದಿನ ಮದುವಣಗಿತ್ತಿಯ ಮುಖ ಸುಟ್ಟಿರುತ್ತದೆ ಅಂತ ಬರೆದಿತ್ತು. ಅದನ್ನು ನೋಡಿದ ಮೇಲೆ ಪೊಲೀಸರು ಕೇಸು ಬರೆದುಕೊಂಡರು. ಒಬ್ಬ ಹೆಣ್ಣು ಸಬ್ ಇನ್ಸ್‌ಪೆಕ್ಟರು ಬಂದರು. ಮೂವತ್ತು ದಾಟಿರಲಿಲ್ಲ, ಕಣ್ಣಲ್ಲಿ ನಿದ್ದೆಯಿರಲಿಲ್ಲ, ಮಾತು ಮಾತ್ರ ಮೆತ್ತಗೆ. ಇಂಥ ಕೆಲಸಕ್ಕೆಂದೇ ತರಬೇತಿ ಮುಗಿಸಿ ಬಂದಿದ್ದರಂತೆ.

ಹುಡುಗಿಯ ಅಮ್ಮನೇ ಅವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದಳು. "ಮೇಡಂ, ನಮ್ಮ ದೊಡ್ಡಮ್ಮನ್ನ ಕೇಳಿ. ಬೀದೀಲಿ ಯಾರಿಗೆ ಕಾಗದ ಬಂದ್ರೂ ಓದಿ ಹೇಳೋದು ಇವ್ರೇ. ಏಳನೇ ಕ್ಲಾಸು, ಆದ್ರೆ ತಲೆ ಲಾಯರ್ ತಲೆ. ಬಾಯಿ ಒಂದು ತೆಗೆಸಬೇಕು, ಅಷ್ಟೆ" ಅಂದಳು. ನನಗೆ ನಾಚಿಕೆಯಾಯಿತು, ಒಳಗೊಳಗೇ ಹಿಗ್ಗೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ತಾತ ಇದ್ದಾಗಲೂ, ಹೋದ ಮೇಲೂ, ಯಾವ ವಿಷಯಕ್ಕೂ ನಿಂಗೇನನ್ನಿಸುತ್ತೆ ಅಂತ ನನ್ನನ್ನು ಯಾರೂ ಕೂರಿಸಿಕೊಂಡು ಕೇಳಿರಲಿಲ್ಲ.

ಮೇಡಂ ಮೂರು ಕಾಗದಗಳನ್ನೂ ಅವುಗಳ ಲಕೋಟೆಗಳನ್ನೂ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ತಂದಿದ್ದರು. ಚಾಪೆಯ ಮೇಲೆ ಸಾಲಾಗಿ ಇಟ್ಟರು.

"ಟೀವೀಲಿ ತೋರಿಸ್ದಂಗೆ ಕಣ್ಮುಚ್ಕೊಂಡು ಕೂತ್ರೆ ಕಳ್ಳನ ಮುಖ ಕಾಣಲ್ಲಮ್ಮ" ಅಂದರು. "ನಾವು ನೋಡೋದು ಬೇರೆ. ಯಾರಿಗೆ ಆಯ್ತು, ಇವ್ರಿಗೇ ಯಾಕಾಯ್ತು, ಎಲ್ಲಿ, ಯಾವಾಗ. ಆಮೇಲೆ ಮುಖ್ಯವಾದ್ದು ಒಂದಿದೆ. ಕಳ್ಳ ಬೀಗ ಒಡೀತಾನೆ. ಅದು ಅವನ ಕೆಲಸ, ಯಾರಾದ್ರೂ ಮಾಡ್ತಾರೆ. ಆದ್ರೆ ಹೋಗ್ತಾ ಬಾಗ್ಲು ಮುಂದಕ್ಕೆಳ್ದು ಹೋದ ಅಂತಿಟ್ಕೊಳಿ. ಅದು ಬೇಕಿರ್ಲಿಲ್ಲ. ಆ ಬೇಡದೇ ಇರೋ ಕಡೇನೇ ಮನುಷ್ಯ ಸಿಗೋದು. ಈ ಕಾಗದಗಳಲ್ಲಿ ಬೇಡದೇ ಇದ್ರೂ ಮಾಡಿರೋದು ಏನಾದ್ರೂ ನಿಮ್ಗೆ ಕಾಣ್ತದಾ?"

ನನಗೆ ತಕ್ಷಣ ಕಂಡಿತು.

"ಇಲ್ನೋಡಿ" ಅಂದೆ. "ಮೇಲ್ಗಡೆ ತುದೀಲಿ ಇಷ್ಟು ಜಾಗ ಖಾಲಿ ಬಿಟ್ಟವ್ರೆ. ಶ್ರೀ ಬರೆಯೋ ಜಾಗ ಅದು. ಕೆಟ್ಟ ಮಾತಿನ ತಲೆ ಮೇಲೆ ದೇವರ ಹೆಸರು ಹಾಕೋಕೆ ಮನಸ್ಸು ಬಂದಿಲ್ಲ. ಜಾಗ ಬಿಡೋ ಅಭ್ಯಾಸ ಮಾತ್ರ ಹೋಗಿಲ್ಲ."

ಅವರು ನನ್ನ ಮುಖ ನೋಡಿದರು. ಜೇಬಿನಿಂದ ಪುಸ್ತಕ ತೆಗೆದರು. "ಹೇಳಿ ಅಮ್ಮ, ಹೇಳಿ."

ಆಮೇಲೆ ನನ್ನನ್ನು ನಿಲ್ಲಿಸುವವರೇ ಇರಲಿಲ್ಲ. ಎಡಗಡೆ ಅಂಚಿಗೆ ಗೆರೆ ಎಳೆಯದೆ ಹಾಳೆಯನ್ನೇ ಮಡಿಸಿ ಗುರುತು ಮಾಡಿದ್ದರು. "ನಮ್ಮೂರ ಸ್ಕೂಲಲ್ಲಿ ಇಂಗೇನೇ. ಇಡೀ ಕ್ಲಾಸಿಗೆ ಒಂದೇ ಅಡಿಪಟ್ಟಿ, ಅದೂ ಮೇಷ್ಟ್ರ ಕೈಲಿ, ಹೊಡೆಯೋಕೆ" ಅಂದೆ. ಮೇಡಂ ನಕ್ಕರು. ಹುಡುಗಿಯ ಅಮ್ಮನೂ ನಕ್ಕಳು. ಲಕೋಟೆ ಹಳೆಯ ಲಗ್ನಪತ್ರಿಕೆಯದು, ಒಳಗಿನದನ್ನು ಹೊರಗೆ ಮಾಡಿ ಅಂಟಿಸಿತ್ತು. ಅಂಟು ಗೋಂದಲ್ಲ, ಅನ್ನ. ಒಂದು ಅಗುಳು ಒಣಗಿ ಅಲ್ಲೇ ಉಬ್ಬಿಕೊಂಡಿತ್ತು. ಏನನ್ನೂ ಬಿಸಾಡದ ಅಡುಗೆಮನೆಯ ಹೆಂಗಸಿನ ಕೈ ಇದು ಅಂದೆ. ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಅಂತ ಮೂರಕ್ಕೂ ಮೂರು ಕಡೆಯ ಅಂಚೆ ಠಸ್ಸೆ ಇತ್ತು. ಮೇಡಂ ಪುಸ್ತಕದಲ್ಲಿ ಮೂರು ಚುಕ್ಕೆ ಇಟ್ಟು ಮಧ್ಯೆ ಗೆರೆ ಎಳೆಯುತ್ತಿದ್ದರು. "ಇದೇನ್ ದೊಡ್ಡ ವಿಷ್ಯ ಮೇಡಂ? ಬಸ್ಸು ಫ್ರೀ ಆದ್ಮೇಲೆ ಗಂಡಸ್ರಿಗಿಂತ ನಾವೇ ಅಲ್ವಾ ಊರೂರು ತಿರುಗೋದು" ಅಂದೆ. ಅದಕ್ಕೂ ನಕ್ಕರು.

ಕೊನೆಗೆ ಕೇಳಿದರು. "ಇಷ್ಟು ದೇವರ ಭಯ ಇರೋರು ಮದುವೆ ಮುರಿಯೋಕೆ ಯಾಕೆ ಹೊರಡ್ತಾರೆ?"

ನನಗೆ ಯಾರ ಮೇಲೂ ಅನುಮಾನವಿರಲಿಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಹೇಳಬೇಕು ಅನ್ನಿಸಿತು. ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮಾತು ನಾಲಿಗೆ ತುದಿಗೆ ಬಂತು. "ಶುಭಕಾರ್ಯದಾಗೆ ಹಿಂದೆ ನಿಲ್ಲಬೇಕಾದೋರ ಹೊಟ್ಟೆ ಉರಿ ಕೆಟ್ಟದ್ದು ಮೇಡಂ" ಅಂದೆ.

ಅವರು ಅದನ್ನೂ ಬರೆದುಕೊಂಡು, "ಒಂದ್ಸಲ ಓದ್ತೀನಿ, ಚಹರೆ ಸರಿಯಾಗಿದ್ಯಾ ನೋಡಿ" ಅಂದರು. ಓದಿದರು. ಹೆಂಗಸು. ವಯಸ್ಸು ಅರವತ್ತರ ಮೇಲೆ. ಹಳ್ಳಿ ಶಾಲೆಯಲ್ಲಿ ಆರೋ ಏಳೋ ಓದಿದವಳು. ದೈವಭಕ್ತೆ, ಮಿತವ್ಯಯಿ. ಒಬ್ಬಳೇ ಬಸ್ಸಿನಲ್ಲಿ ಓಡಾಡುವವಳು. ಬಹುಶಃ ವಿಧವೆ. ಹುಡುಗಿಯ ಚಿಕ್ಕಂದಿನ ಕಾಯಿಲೆಯ ವಿಷಯ ಗೊತ್ತಿರುವಷ್ಟು ಹತ್ತಿರದವಳು.

ಓದುತ್ತಾ ಓದುತ್ತಾ ಅವರ ದನಿ ಇಳಿಯಿತು. ಕೊನೆಯ ಸಾಲನ್ನು ಅವರು ಬಾಯಲ್ಲೇ ಓದಿಕೊಂಡರು. ಹೊರಗೆ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನವೊಂದು ಗುರ್ ಅನ್ನುತ್ತಾ ದಾಟಿಹೋಯಿತು. ಹುಡುಗಿಯ ಅಮ್ಮ ನನ್ನ ಕಡೆ ನೋಡಲಿಲ್ಲ. ಗೋಡೆಗೆ ತೂಗುಹಾಕಿದ್ದ ನನ್ನ ಬಟ್ಟೆ ಚೀಲದ ಕಡೆ ನೋಡಿದಳು. ಕಣ್ಣಿನ ಆಸ್ಪತ್ರೆಗೆಂದು ಹೆಬ್ಬಾಳಕ್ಕೆ, ತಂಗಿಯ ಮನೆಗೆಂದು ಆರ್.ಟಿ. ನಗರಕ್ಕೆ, ಒಣಮೆಣಸಿನಕಾಯಿಗೆಂದು ಯಶವಂತಪುರಕ್ಕೆ ನಾನು ಹೋಗುತ್ತಿದ್ದದ್ದು ಆ ಚೀಲದಲ್ಲೇ. ಅವಳಿಗೂ ಮೆಣಸಿನಕಾಯಿ ತಂದುಕೊಡುತ್ತಿದ್ದೆ.

"ನಾನು... ಒಲೆ ಮೇಲೆ ಹಾಲಿಟ್ಟಿದ್ದೆ" ಅಂತ ಎದ್ದು ಹೋದಳು. ಅವಳ ಮನೆಯ ಒಲೆ ಆಗ ಹಚ್ಚಿರಲಿಲ್ಲ. ಕಿಟಕಿಯಿಂದ ನನಗೆ ಅವಳ ಅಡುಗೆಮನೆ ಕಾಣುತ್ತದೆ.

ನಾನು ಆಗ ಏನಾದರೂ ಹೇಳಬೇಕಿತ್ತು. ಇಂಥ ಹೆಂಗಸರು ಕೊಡಿಗೇಹಳ್ಳಿಯಿಂದ ಯಲಹಂಕದವರೆಗೆ ಬೀದಿಗಿಬ್ಬರು ಸಿಗುತ್ತಾರೆ ಅಂತಲಾದರೂ ಹೇಳಬಹುದಿತ್ತು. ಎಷ್ಟೋ ರಾತ್ರಿ ಅದೇ ಮಾತನ್ನು ಮನಸ್ಸಿನಲ್ಲಿ ಸರಿಯಾಗಿ ಜೋಡಿಸಿಕೊಂಡಿದ್ದೇನೆ. ಆ ಹೊತ್ತಿಗೆ ಮಾತ್ರ ಬರಲಿಲ್ಲ. ಮೇಡಂಗೆ ಇನ್ನೊಂದು ಲೋಟ ಕಾಫಿ ಬೇಕಾ ಅಂತ ಕೇಳಿದೆ.

ಎರಡು ದಿನ ಬಿಟ್ಟು ಅವರು ಒಬ್ಬ ಹೆಣ್ಣು ಪೇದೆಯ ಜೊತೆ ಮತ್ತೆ ಬಂದರು. "ಅಮ್ಮ, ನಿಮ್ಮ ಕೈಬರಹದ ಮಾದರಿ ಕೊಟ್ರೆ ಲ್ಯಾಬಿಗೆ ಕಳಿಸ್ತೀನಿ. ಇದು ನಿಮ್ಮನ್ನ ಅನುಮಾನದ ಪಟ್ಟಿಯಿಂದ ತೆಗೆಯೋಕೆ. ಇಷ್ಟ ಇಲ್ಲ ಅಂದ್ರೆ ಬಲವಂತ ಇಲ್ಲ" ಅಂದರು. ಒಪ್ಪದೆ ಇರುವುದು ಹೇಗೆ? ಒಪ್ಪಿಕೊಂಡೆ.

ಮಾದರಿ ಅಂದರೆ ನನ್ನ ಹೆಸರು, ಊರು ಬರೆಯುವುದು ಅಂದುಕೊಂಡಿದ್ದೆ. ಹಾಗಲ್ಲ. ಆ ಮೂರು ಕಾಗದಗಳಲ್ಲಿ ಇದ್ದದ್ದನ್ನೇ ಬರೆಯಬೇಕು. ಪೇದೆ ಓದಿ ಹೇಳುತ್ತಾಳೆ, ನಾನು ಬರೆಯಬೇಕು. ನಿಧಾನವಾಗಿ ಒಮ್ಮೆ, ಬೇಗ ಬೇಗ ಒಮ್ಮೆ, ನಿಂತುಕೊಂಡು ಒಮ್ಮೆ. ಒಟ್ಟು ಹತ್ತು ಹಾಳೆ. ನಾನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆದ ಮಗು ಅದು. ಅವಳು ಸೂಳೆ ಅಂತ ನನ್ನ ಕೈಯಲ್ಲೇ ಬರೆದೆ. ಅವಳ ಮುಖ ಸುಟ್ಟಿರುತ್ತದೆ ಅಂತ ಬರೆದೆ. ಪೇದೆಗೂ ಓದಿ ಹೇಳಲು ಸಂಕಟ. ಕಣ್ಣೆತ್ತದೆ ಓದುತ್ತಿದ್ದಳು. "ಸಾರಿ ಅಜ್ಜಿ, ಇದೊಂದ್ ಸಾಲು... ಮತ್ತೆ ಬರೀಬೇಕು" ಅನ್ನುತ್ತಿದ್ದಳು.

ಹತ್ತು ಹಾಳೆ ಮುಗಿಸಿ ಕೊಟ್ಟ ಮೇಲೆ ಮೇಡಂ ಒಂದೊಂದಾಗಿ ತಿರುವಿದರು. ಎರಡನೆಯ ಹಾಳೆಯಲ್ಲೇ ಅವರ ಕೈ ನಿಂತಿತು. ನಾನೂ ಬಗ್ಗಿ ನೋಡಿದೆ. ಹತ್ತೂ ಹಾಳೆಗಳ ಮೇಲ್ತುದಿಯಲ್ಲಿ ಜಾಗ ಖಾಲಿ ಬಿಟ್ಟಿತ್ತು. ಅಂಥ ಮಾತಿನ ಮೇಲೆ ಶ್ರೀ ಬರೆಯಲು ನನ್ನ ಕೈಗೂ ಆಗಿರಲಿಲ್ಲ. ಜಾಗ ಬಿಟ್ಟದ್ದು ನನಗೆ ತಿಳಿದೇ ಇರಲಿಲ್ಲ.

"ಮೇಡಂ, ಅದು..." ಅಂದೆ.

"ಗೊತ್ತಾಗ್ತದೆ ಅಮ್ಮ" ಅಂದರು. ಏನು ಗೊತ್ತಾಯಿತು ಅಂತ ಹೇಳಲಿಲ್ಲ. ಪೆನ್ನಿನಲ್ಲಿ ಅಲ್ಲಿ ಸಣ್ಣದೊಂದು ಗುರುತು ಹಾಕಿಕೊಂಡರು.

ಹುಡುಗನ ಕಡೆಯವರು ಮದುವೆ ಬೇಡ ಅಂದರು. ಪೊಲೀಸು ಕೇಸಾದ ಮನೆ ನಮಗೆ ಯಾಕೆ ಅಂದರಂತೆ. ಆ ಸುದ್ದಿ ಬಂದ ಮಾರನೆಯ ದಿನ ಸಂಜೆ ಹುಡುಗಿ ನಮ್ಮ ಮನೆಗೆ ಬಂದಳು. ಯಾವಾಗಲೂ ಒಳಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೆದು ನೋಡುವವಳು, ಅವತ್ತು ಹೊಸಲಿನಾಚೆಯೇ ನಿಂತಳು.

"ಅಜ್ಜಿ, ಅಮ್ಮ ಏನೇನೋ ಅಂತಿದಾಳೆ. ನಂಗೆ ಬೇರೇನೂ ಬೇಡ. ನೀನು ಬರೆದ್ಯಾ, ಇಲ್ವಾ? ಒಂದೇ ಮಾತು ಹೇಳು, ನಂಬ್ತೀನಿ."

ಒಂದೇ ಮಾತು. ಇಲ್ಲ ಅಂದಿದ್ದರೆ ಸಾಕಿತ್ತು. ಚಿನ್ನು, ನಾನು ಬಾಯಿ ತೆರೆದೆ. ಆ ಹತ್ತು ಹಾಳೆಯ ಮಾತುಗಳು ಬೆರಳಲ್ಲಿ ಇನ್ನೂ ಹಸಿಯಾಗಿದ್ದವು. ನಾನು ಬರೆದಿದ್ದೆನಲ್ಲ. ಪೇದೆ ಹೇಳಿ ಬರೆಸಿದ್ದೇ ಆಗಲಿ, ಬರೆದದ್ದು ನನ್ನ ಕೈ. ಇಲ್ಲ ಅನ್ನುವ ಮುಂಚೆ ಅದನ್ನು ಹೇಳಬೇಕು ಅನ್ನಿಸಿತು. ಅದನ್ನು ಎಲ್ಲಿಂದ ಶುರುಮಾಡುವುದು ಅಂತ ಹೊಳೆಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅವಳು ಸ್ವಲ್ಪ ಹೊತ್ತು ಕಾದಳು. ಸುಮ್ಮನೆ ಹೊರಟುಹೋಗಲಿಲ್ಲ, ಅದನ್ನು ನಾನು ಹೇಳಲೇಬೇಕು. ತುಂಬಾ ಹೊತ್ತು ಕಾದಳು. ಆಮೇಲೆ, "ಸರಿ ಬಿಡು" ಅಂತ ಇಳಿದು ಹೋದಳು.

ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಇದ್ದ ಟೈಲರ್ ಅಮ್ಮ ಇದೆಲ್ಲವನ್ನೂ ಮೆಟ್ಟಿಲಿನಿಂದ ನೋಡುತ್ತಿದ್ದರು. ಮನೆಯಲ್ಲಿ ಅವರು ಉರ್ದು ಮಾತಾಡುತ್ತಾರೆ, ನನ್ನ ಜೊತೆ ಕನ್ನಡ. ಬೀದಿಯಲ್ಲಿ ನನ್ನ ಜೊತೆ ಮೊದಲಿನಂತೆ ಮಾತಾಡುತ್ತಿದ್ದವರು ಆಮೇಲೆ ಅವರೊಬ್ಬರೇ. ನನಗೆ ಊಟ ಸೇರುತ್ತಿಲ್ಲ ಅಂತ ತಿಳಿದು ಒಂದು ದಿನ ಬಂದು ಕೂತರು.

"ಆಯ್ತಲ್ಲ ಅಮ್ಮಾ, ಓದಿದ್ದೇ ನಿಮ್ಮ ತಪ್ಪು. ನಂಗೆ ನೋಡಿ, ಕನ್ನಡ ಒಂದಕ್ಷರ ಬರಲ್ಲ, ಬಚಾವ್!" ಅಂದರು. ನಾನು ನಗಲಿಲ್ಲ. ಅವರು ಹೇಳುತ್ತಲೇ ಇದ್ದರು. "ಆ ಮೇಡಮ್ಮು ಲಕೋಟೆ ನಿಮಗೆ ತೋರಿಸಿದ್ರು, ನೀವು ಅನ್ನ ನೋಡಿದ್ರಿ. ನಂಗೆ ತೋರಿಸಿದ್ರೆ ನಾನು ಅನ್ನ ನೋಡ್ತಿದ್ನಾ? ಅಂಚು ಎಂಗೆ ಕಟ್ ಆಗಿದೆ, ದೊಡ್ಡ ಕತ್ರಿನಾ ಚಿಕ್ಕ ಕತ್ರಿನಾ, ಅದನ್ನ ನೋಡ್ತಿದ್ದೆ. ಆಮೇಲೆ ಎಲ್ಲಾರೂ ಏನಂತಿದ್ರು? ಟೈಲರ್ ಬರೆದವ್ಳೆ, ಟೈಲರ್ ಬರೆದವ್ಳೆ!"

ಚಿನ್ನು, ನಿನ್ನ ಪುಸ್ತಕಗಳಲ್ಲಿ ಇದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕಾಗದಗಳಲ್ಲಿ ನನಗೆ ಕಂಡದ್ದು ನನಗೆ ಮೊದಲೇ ಗೊತ್ತಿದ್ದದ್ದು ಮಾತ್ರ. ಗೊತ್ತಿಲ್ಲದ್ದು ಅದೇ ಹಾಳೆಯ ಮೇಲೆ ಇದ್ದಿರಬಹುದು, ನನ್ನ ಕಣ್ಣು ಅದನ್ನು ದಾಟಿಕೊಂಡು ಹೋಗಿರಬಹುದು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಎಲ್ಲ ಸೇರಿಸಿದರೆ ಮಾತ್ರ ನಾನಾಗಿಬಿಟ್ಟೆ. ಆ ಹೊಟ್ಟೆಯುರಿಯ ಮಾತೊಂದನ್ನು ಆಡಬಾರದಿತ್ತು. ಅದು ನಾನು ಎಲ್ಲೂ ಕಂಡದ್ದಲ್ಲ. ನಮ್ಮಂಥವರ ಬಗ್ಗೆ ಜನ ಆಡುವುದನ್ನೇ ನಾನೂ ಆಡಿದೆ.

ಲ್ಯಾಬಿನಿಂದ ಉತ್ತರ ಬರಲು ತಿಂಗಳುಗಳೇ ಹಿಡಿದವು. ಒಂದೇ ಕೈ ಅಂತಲೂ ಹೇಳಲಾಗದು, ಬೇರೆ ಕೈ ಅಂತಲೂ ಹೇಳಲಾಗದು ಅಂತ ಬಂತು. ವಯಸ್ಸಾದವರ ಕೈ ನಡುಗುತ್ತದೆ, ಕಾಗದ ಬರೆದವರು ಬೇಕೆಂದೇ ಅಕ್ಷರ ಬದಲಿಸಿದ್ದಾರೆ, ಹೀಗೆ ಏನೇನೋ ಕಾರಣ. ಮೇಡಂ ಅದನ್ನು ಹೇಳಲು ತಾವೇ ಬಂದರು. ಅವರಿಗೆ ವರ್ಗವಾಗಿತ್ತು.

"ಅಮ್ಮ, ನಾನು ತಪ್ಪು ಮಾಡ್ದೆ" ಅಂದರು. "ಒಬ್ರನ್ನೇ ಕೇಳ್ಬಾರ್ದಿತ್ತು. ನಾಲ್ಕು ಜನರನ್ನ ಬೇರೆ ಬೇರೆ ಕೂರಿಸಿ ಕೇಳ್ಬೇಕಿತ್ತು. ಹುಡುಗಿ ಅಮ್ಮನ ಮುಂದೆ ಓದಲೂಬಾರ್ದಿತ್ತು. ಚಹರೆ ಅನ್ನೋದು ಎಲ್ಲಿ ಹುಡುಕ್ಬೇಕು ಅಂತ ಹೇಳತ್ತೆ ಅಷ್ಟೆ. ಅದು ಸಾಕ್ಷಿ ಅಲ್ಲ. ಕೋರ್ಟಲ್ಲಿ ನಿಲ್ಲಲ್ಲ."

ಟೈಲರ್ ಅಮ್ಮ ಮೆಟ್ಟಿಲ ಮೇಲಿಂದಲೇ ಅಂದರು. "ಕೋರ್ಟಲ್ಲಿ ನಿಲ್ಲಲ್ಲ ಸರಿ ಮೇಡಂ. ಗಲ್ಲೀಲಿ ನಿಂತ್ಬಿಟ್ಟಿದೆಯಲ್ಲ, ಅದನ್ನ ಯಾರು ಎತ್ತಿಕೊಂಡು ಹೋಗ್ತಾರೆ?"

ಮೇಡಂ ನನಗೆ ಕೈ ಮುಗಿದರು. ಪಕ್ಕದ ಮನೆಗೆ ಹೋಗಿ ಹೇಳುತ್ತೇನೆ ಅಂತ ಹೋದರು. ಹೇಳಿಯೂ ಹೇಳಿದರಂತೆ. ಲ್ಯಾಬಿನವರು ಇವರಲ್ಲ ಅಂತ ಬರೆದಿದ್ದಾರಾ ಅಂತ ಹುಡುಗಿಯ ಅಮ್ಮ ಕೇಳಿದಳಂತೆ. ಹಾಗೆ ಬರೆದಿರಲಿಲ್ಲವಲ್ಲ.

ಅವರ ಜಾಗಕ್ಕೆ ಬಂದವರು ಕೇಸನ್ನು ಮುಗಿಸಿದರು. ಬರೆದವರು ಪತ್ತೆಯಾಗದಿದ್ದರೆ ಸಿ ರಿಪೋರ್ಟ್ ಅಂತ ಹಾಕುತ್ತಾರೆ, ಅದನ್ನು ಹಾಕಿದರು. ಇದರಲ್ಲಿ ನನ್ನ ಮೇಲೆ ಯಾರೂ ಆರೋಪ ಹೊರಿಸಲಿಲ್ಲ, ಅದಕ್ಕೇ ಯಾರೂ ನನ್ನನ್ನು ಬಿಡುಗಡೆಯೂ ಮಾಡಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಪಕ್ಕದ ಮನೆಯವಳು ನನ್ನ ಜೊತೆ ಒಂದು ಕೆಟ್ಟ ಮಾತೂ ಆಡಲಿಲ್ಲ. ನಲ್ಲಿಯ ಹತ್ತಿರ ಎದುರಾದರೆ, "ನೀವು ಹಿಡ್ಕೊಳಿ" ಅಂತ ಬಿಂದಿಗೆ ಪಕ್ಕಕ್ಕೆ ಸರಿಸುತ್ತಾಳೆ. ಮೊದಲಾದರೆ, "ಸರೀರಿ ದೊಡ್ಡಮ್ಮ, ನಂಗೆ ವ್ಯಾನ್ ಬರ್ತದೆ" ಅಂತ ತಳ್ಳಿಕೊಂಡು ಹಿಡಿಯುತ್ತಿದ್ದಳು.

ಹುಡುಗಿಗೆ ಹೋದ ವರ್ಷ ಬೇರೆ ಕಡೆ ಮದುವೆಯಾಯಿತು. ನಮ್ಮ ಬೀದಿಯಲ್ಲಿ ಎಲ್ಲರ ಮನೆಗೂ ಪತ್ರಿಕೆ ಕೊಟ್ಟರು. ನಮ್ಮ ಮನೆಗೆ ಕೊಡಲಿಲ್ಲ. ಚಪ್ಪರ ನಮ್ಮ ಗೇಟಿನವರೆಗೆ ಬಂದಿತ್ತು. ನಾನು ಆ ದಿನ ಬಾಗಿಲು ಹಾಕಿಕೊಂಡು ಒಳಗಿದ್ದೆ. ಊದುವ ವಾಲಗ ಎಷ್ಟು ಹತ್ತಿರವೆಂದರೆ ಕಪಾಟಿನ ಲೋಟಗಳು ಅದುರುತ್ತಿದ್ದವು. ಗಂಡನ ಮನೆಗೆ ಹೊರಟಾಗ ಅವಳು ಅತ್ತದ್ದೂ ಕೇಳಿಸಿತು. ಆ ಅಳು ನನಗೆ ಅವಳು ಒಂಬತ್ತು ತಿಂಗಳ ಕೂಸಾಗಿದ್ದಾಗಿನಿಂದ ಗೊತ್ತು.

ಆ ಕಾಗದಗಳನ್ನು ಯಾರು ಬರೆದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುತ್ತದೆ ಅನ್ನುವ ಆಸೆಯೂ ಇಲ್ಲ. ನಾಳೆ ನಾನು ಇಲ್ಲದಾಗ, ಮೂಗರ್ಜಿ ಬರೆದವಳು ನಿಮ್ಮಜ್ಜಿಯೇ ಅಂತ ಯಾರಾದರೂ ನಿಮ್ಮ ಕಿವಿಗೆ ಹಾಕಬಹುದು. ಸರ್ಕಾರದ ಫೈಲಿನಲ್ಲಿ ನನ್ನ ಕೈಬರಹ ಅಂತ ಇರುವುದು ಆ ಹತ್ತು ಹಾಳೆಗಳು ಮಾತ್ರ. ಅವನ್ನು ಹರಿಯಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಈ ಹಾಳೆಗಳನ್ನು ಬರೆದೆ. ಅವಳು ಹೊಸಲಿನಾಚೆ ನಿಂತು ಕೇಳಿದಾಗ ಬಾರದೇ ಹೋದ ಒಂದು ಮಾತನ್ನು ಇಲ್ಲಿ ಬರೆಯುತ್ತೇನೆ: ನಾನು ಬರೆದಿಲ್ಲ.

ಇದನ್ನು ಅವಳಿಗೆ ಕೊಡಿ ಅಂತ ಕೇಳುವ ಧೈರ್ಯ ನನಗಿಲ್ಲ. ಕೊಟ್ಟರೆ ಬೇಡ ಅನ್ನುವುದೂ ಇಲ್ಲ. ನೀರು ಬೀಳದ ಕಡೆ, ಇರುವೆ ಹತ್ತದ ಕಡೆ ಇಡಿ. ಕಳೆದುಹಾಕಬೇಡಿ, ಮಕ್ಕಳೇ.